ಸ್ವಯಂ ಕೋರ್ಸಿಗೆ ಕನ್ನಡದ ಮೇಷ್ಟ್ರು ಬೇಕು

ಮಾನ್ಯರೇ,

ಪದವಿ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರಷ್ಟನ್ನು ಕೇಂದ್ರ ಸರ್ಕಾರದ ‘ಸ್ವಯಂ’ ಕಲಿಕಾ ವೇದಿಕೆಯಲ್ಲಿ ಆನ್‌ಲೈನಾಗಿ ಓದಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ನಿಯಮ ಮಾಡಿದೆ. 2016ರಲ್ಲಿ ಈ ಮಿತಿ ಶೇ 20 ಇತ್ತು. ಊರಿನ ಕಾಲೇಜಿನಲ್ಲಿ ಕಲಿಸುವವರೇ ಇಲ್ಲದ ವಿಷಯವನ್ನು ಐಐಟಿ ಪ್ರಾಧ್ಯಾಪಕರಿಂದ ಪುಕ್ಕಟೆಯಾಗಿ ಕೇಳುವುದು ಸಣ್ಣ ಸವಲತ್ತೇನಲ್ಲ.

ಆದರೆ ಪಾಠಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಬಿ.ಎ. ಮಕ್ಕಳಲ್ಲಿ ಅನೇಕರು ಅರ್ಧ ಗಂಟೆಯ ವಿಡಿಯೊವನ್ನು ಐದೇ ನಿಮಿಷಕ್ಕೆ ಕೈಬಿಡುತ್ತಾರೆ. ವಾರದ ಅಸೈನ್‌ಮೆಂಟಿನ ಉತ್ತರಗಳು ಹೇಗೂ ಯೂಟ್ಯೂಬಿನಲ್ಲಿ, ಟೆಲಿಗ್ರಾಂ ಗುಂಪುಗಳಲ್ಲಿ ಸಿಗುತ್ತವೆ. ನೋಡಿ ಗುರುತು ಹಾಕಿದರಾಯಿತು. ಕೊನೆಯ ಪರೀಕ್ಷೆಗೆ ಮಾತ್ರ ಶುಲ್ಕ ಕಟ್ಟಿ, ಬಸ್ಸು ಹತ್ತಿ, ಕೇಂದ್ರಕ್ಕೆ ಹೋಗಿ ಕೂರಬೇಕು. ಅಲ್ಲಿ ಬಣ್ಣ ಬಯಲು. ನಾನು ಕಂಡಂತೆ, ಎಷ್ಟು ಮಂದಿ ನೋಂದಾಯಿಸಿದರು ಎಂಬುದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸುವ ಕಡತಕ್ಕೆ ಸೇರುತ್ತದೆ, ಎಷ್ಟು ಮಂದಿ ಮುಗಿಸಿದರು ಎಂದು ಯಾರೂ ಕೇಳುವುದಿಲ್ಲ.

ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಲು ಕಾಲೇಜು ಒಬ್ಬ ಅಧ್ಯಾಪಕರನ್ನು ನೇಮಿಸಬೇಕೆಂದು ಅದೇ ನಿಯಮ ಹೇಳುತ್ತದೆ. ಆ ಕೆಲಸವನ್ನು ವೇಳಾಪಟ್ಟಿಯಲ್ಲಿ ಸೇರಿಸಿ, ವಾರಕ್ಕೆರಡು ಗಂಟೆ ಕನ್ನಡದಲ್ಲಿ ಪಾಠ ಬಿಡಿಸಿ ಹೇಳುವಂತಾಗಲಿ. ಅತಿಥಿ ಉಪನ್ಯಾಸಕರ ಕಾರ್ಯಭಾರದಲ್ಲೂ ಈ ಗಂಟೆಗಳು ಲೆಕ್ಕಕ್ಕೆ ಬರಲಿ. ಇತಿಹಾಸ, ಅರ್ಥಶಾಸ್ತ್ರಗಳಿಗೆ ಕನ್ನಡದಲ್ಲೇ ಅಧ್ಯಯನ ಸಾಮಗ್ರಿ ಮಾಡಿಟ್ಟಿರುವ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಅವನ್ನೇ ಆಧರಿಸಿ ವಿಡಿಯೊ ಕೋರ್ಸುಗಳನ್ನು ರೂಪಿಸಬಹುದಲ್ಲವೇ? ಉನ್ನತ ಶಿಕ್ಷಣ ಇಲಾಖೆ ಮುಂದಿನ ಸೆಮಿಸ್ಟರಿಗೆ ಮೊದಲು ಇತ್ತ ಗಮನ ಹರಿಸಲಿ.

– ಪದವಿ ಕಾಲೇಜಿನ ಉಪನ್ಯಾಸಕಿ, ಸಾಗರ