ಯಾವ ಬೋಟು ಮೇಲು ಎಂದು ಕೇಳಿದ್ದಿರಲ್ಲ, ಚಿಕ್ಕಪ್ಪ

ಫ್ಲಾರಿಡಾ

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ.

ನನ್ನ ತಮ್ಮ ನಾರ್ತ್ ಕ್ಯಾರೊಲಿನಾದಲ್ಲಿ ಗೆಳೆಯರ ಜೊತೆ ಪಾಲು ಹಾಕಿ ಸೆಕೆಂಡ್ ಹ್ಯಾಂಡ್ ಸೆಂಟರ್ ಕನ್ಸೋಲ್ ಬೋಟು (ನಡುವೆ ಚುಕ್ಕಾಣಿಯ ಕಟ್ಟೆ ಇರುವ, ಮೀನು ಹಿಡಿಯುವ ತೆರೆದ ಬೋಟು) ಕೊಳ್ಳಲು ಹೊರಟಿದ್ದಾನೆ, ಗ್ರೇಡಿ ವೈಟ್, ರೆಗ್ಯುಲೇಟರ್, ಕಂಟೆಂಡರ್, ಬೋಸ್ಟನ್ ವೇಲರ್ ಅಂತ ನಾಲ್ಕು ಹೆಸರು ಜಪಿಸುತ್ತಿದ್ದಾನೆ, ಇವುಗಳಲ್ಲಿ ಯಾವುದು ಮೇಲು ಅಂತ ಕೇಳಿದ್ದೀರಿ. ಒಂದು ಹೆಸರು ಬರೆದು ಕಾಗದ ಮಡಚಬಹುದಿತ್ತು. ಆದರೆ ನಾಲ್ಕೂ ಒಳ್ಳೆಯ ಬೋಟುಗಳೇ. ಒಂದೊಂದು ಕಂಪನಿಯೂ ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಟ್ಟಿದೆ, ಅಷ್ಟೆ. ಯಾರು ಏನು ಬಿಟ್ಟಿದ್ದಾರೆ ಎಂದು ತಿಳಿದರೆ ಆಯ್ಕೆ ಅವನಿಗೇ ಸುಲಭವಾಗುತ್ತದೆ.

ಮೊದಲು ತಳದ ಆಕಾರ ನೋಡಬೇಕು. ಬೋಟನ್ನು ಹಿಂದಿನಿಂದ ನೋಡಿದರೆ ತಳ ವಿ ಅಕ್ಷರದ ಹಾಗೆ ಕಾಣುತ್ತದೆ. ಆ ವಿ ಅಕ್ಷರದ ರೆಕ್ಕೆ ಮಟ್ಟಗೆರೆಯಿಂದ ಎಷ್ಟು ಡಿಗ್ರಿ ಮೇಲೆದ್ದಿದೆಯೋ ಅದಕ್ಕೆ ಡೆಡ್‌ರೈಸ್ ಅನ್ನುತ್ತಾರೆ. ಹಿಂಭಾಗದವರೆಗೂ ಈ ವಿ ಆಕಾರವನ್ನು ಚೂಪಾಗಿಯೇ ಉಳಿಸಿಕೊಂಡು ಹೋಗುವ ವಿನ್ಯಾಸ ಬೋಟು ವಿನ್ಯಾಸಕ ರೇ ಹಂಟ್ ಅವರದು. 1960ರ ಮಯಾಮಿ-ನಸ್ಸಾವ್ ರೇಸಿನಲ್ಲಿ ಅವರ ವಿನ್ಯಾಸದ 'ಮಾಪಿ' ಗೆದ್ದ ಮೇಲೆ ಹೊರಗಡಲಿಗೆ ಹೋಗುವ ಸಣ್ಣ ಬೋಟುಗಳ ತಳವೇ ಬದಲಾಯಿತು. ಕೋನ ಹೆಚ್ಚಿದ್ದಷ್ಟೂ ಬೋಟು ಅಲೆಯನ್ನು ಸೀಳಿಕೊಂಡು ಇಳಿಯುತ್ತದೆ, ಬೆನ್ನುಮೂಳೆಗೆ ಪೆಟ್ಟು ಕಡಿಮೆ. ಆದರೆ ಅದೇ ಬೋಟು ಇಂಜಿನ್ ನಿಲ್ಲಿಸಿ ಗಾಳ ಬಿಟ್ಟು ತೇಲುತ್ತಾ ನಿಂತಾಗ ತೊಟ್ಟಿಲಿನ ಹಾಗೆ ಹೊಯ್ದಾಡುತ್ತದೆ. ನೀರಿನ ಮೇಲೆದ್ದು ಓಡಲು ಹೆಚ್ಚು ಅಶ್ವಶಕ್ತಿಯೂ ಬೇಕು.

ಈಗ ನಾಲ್ಕು ಹೆಸರುಗಳನ್ನು ಇದೇ ತಕ್ಕಡಿಯಲ್ಲಿ ಇಡೋಣ. ಕಂಟೆಂಡರ್ 1984ರಿಂದ ಇದೆ, ಫ್ಲಾರಿಡಾದ ಹೋಮ್‌ಸ್ಟೆಡ್‌ನದು, ಹಿಂಭಾಗದಲ್ಲಿ 24.5 ಡಿಗ್ರಿ. ಉದ್ದ ತೆಳ್ಳಗಿನ ಮೈ, ವೇಗದ ಓಟ, ಮೀನು ಹಿಡಿಯುವುದಕ್ಕೆ ಬೇಡವಾದ ಸೋಫಾ ಮೆತ್ತೆ ಕಡಿಮೆ. ರೆಗ್ಯುಲೇಟರ್ ನಾರ್ತ್ ಕ್ಯಾರೊಲಿನಾದ ಈಡೆಂಟನ್‌ನದು, 1988ರಿಂದ. ಇದರದು 24 ಡಿಗ್ರಿ, ಆದರೆ ಮೈ ಅಗಲ, ತೂಕವೂ ಹೆಚ್ಚು. ಎದುರಲೆಗೆ ಇದರಷ್ಟು ಮೆತ್ತಗೆ ಇಳಿಯುವ ಬೋಟು ಈ ಅಳತೆಯಲ್ಲಿ ಅಪರೂಪ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ತೆರುವ ಬೆಲೆ ಪೆಟ್ರೋಲು. ಗ್ರೇಡಿ ವೈಟ್ ಕೂಡ ಅದೇ ರಾಜ್ಯದ ಗ್ರೀನ್‌ವಿಲ್‌ನದು, 1959ರಿಂದ ಇದೆ. ಹಂಟ್ ಕಚೇರಿಯವರೇ ರೂಪಿಸಿದ ಇದರ ತಳದಲ್ಲಿ ಕೋನ ಎಲ್ಲೂ ಒಂದೇ ಸಮ ಇರುವುದಿಲ್ಲ. ಮೂತಿಯ ಹತ್ತಿರ ತೀರಾ ಚೂಪು, ಹಿಂದಕ್ಕೆ ಬರುತ್ತಾ ಇಳಿದು ಕೊನೆಗೆ ಸುಮಾರು 20 ಡಿಗ್ರಿಗೆ ನಿಲ್ಲುತ್ತದೆ. ನಿಂತಾಗ ಹೊಯ್ದಾಟ ಕಡಿಮೆ, ಕಡಿಮೆ ವೇಗದಲ್ಲೂ ಮೇಲೆದ್ದು ಓಡುತ್ತದೆ. ಬಿರುಸಾದ ಎದುರಲೆಯಲ್ಲಿ ಮಾತ್ರ ಕಂಟೆಂಡರ್‌ಗಿಂತ ಸ್ವಲ್ಪ ಮುಂಚೆಯೇ ವೇಗ ತಗ್ಗಿಸಬೇಕಾಗುತ್ತದೆ.

ಬೋಸ್ಟನ್ ವೇಲರ್ ಕಥೆ ಬೇರೆ, ಅವರು ಮಾರುವುದೇ ತೇಲುವಿಕೆಯನ್ನು. ಹೊರಚಿಪ್ಪು, ಒಳಚಿಪ್ಪು ಎರಡನ್ನೂ ಅಚ್ಚಿನಲ್ಲಿ ಜೋಡಿಸಿ ನಡುವೆ ದ್ರವರೂಪದ ಫೋಮ್ ತುಂಬುತ್ತಾರೆ. ಅದು ಉಬ್ಬಿ ಗಟ್ಟಿಯಾಗಿ ಎಲ್ಲವೂ ಒಂದೇ ಮುದ್ದೆಯಾಗುತ್ತದೆ. 1961ರಲ್ಲಿ ಕಂಪನಿ ಸ್ಥಾಪಕ ಡಿಕ್ ಫಿಶರ್ ಬೋಟಿನಲ್ಲಿ ಕೂತಿರುವಾಗಲೇ ಅದನ್ನು ಗರಗಸದಿಂದ ಎರಡಾಗಿ ಕುಯ್ಯುವ ಚಿತ್ರಗಳು 'ಲೈಫ್' ಪತ್ರಿಕೆಯಲ್ಲಿ ಬಂದವು, ಎರಡು ತುಂಡೂ ತೇಲಿದವು. ಜಾಹೀರಾತೆಂದರೆ ಅದು! ಇದನ್ನು ಹಗುರವಾಗಿ ನೋಡಬೇಡಿ. ಅಮೆರಿಕದ ಕಾನೂನಿನ ಪ್ರಕಾರ 20 ಅಡಿಗಿಂತ ಚಿಕ್ಕ ಬೋಟುಗಳಿಗೆ ಮಾತ್ರ, ನೀರು ತುಂಬಿದರೂ ತೇಲಿಸುವ ಫೋಮ್ ಕಡ್ಡಾಯ. 28 ಅಡಿಯ ಬೋಟು ಮುಳುಗಬಾರದು ಎಂಬ ನಿಯಮವೇ ಇಲ್ಲ. ಗ್ರೇಡಿ ವೈಟ್, ಎವರ್‌ಗ್ಲೇಡ್ಸ್ ಎಂಬ ಇನ್ನೊಂದು ಕಂಪನಿಯವರು ಸಹ ದೊಡ್ಡ ಬೋಟುಗಳಿಗೂ ಫೋಮ್ ತುಂಬುತ್ತಾರೆ, ಎಲ್ಲರೂ ತುಂಬುವುದಿಲ್ಲ.

ಫೋಮಿಗೂ ಒಂದು ಶಾಪವಿದೆ. ಹಿಂದಿನ ಮಾಲೀಕ ಡೆಕ್ಕಿನಲ್ಲೋ ಇಂಜಿನ್ ಹೊರುವ ಹಿಂಗೋಡೆಯಲ್ಲೋ ತೂತು ಕೊರೆದು, ಸೀಲಂಟ್ ಹಾಕದೆ ಸ್ಕ್ರೂ ಬಿಗಿದಿದ್ದರೆ ವರ್ಷಗಟ್ಟಲೆ ನೀರು ಒಳಗಿಳಿದು ಫೋಮು ನೆನೆಯುತ್ತದೆ. ಎರಡು ಚಿಪ್ಪುಗಳ ನಡುವೆ ಸಿಕ್ಕಿದ ನೀರನ್ನು ತೆಗೆಯುವುದು ಸುಲಭದ ಮಾತಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಹಾಗಾಗಿ ಫೋಮ್ ತುಂಬಿದ ಹಳೆಯ ಬೋಟಾದರೆ ಟ್ರೇಲರ್ ಸಮೇತ ತೂಕದ ಸೇತುವೆಗೆ ಒಯ್ದು ತೂಗಿಸಲಿ. ಟ್ರೇಲರ್, ಇಂಜಿನ್, ಪೆಟ್ರೋಲು, ಸಾಮಾನು ಕಳೆದ ಮೇಲೆ ಕಂಪನಿ ಕೊಟ್ಟ ತೂಕಕ್ಕಿಂತ ಒಂದಿನ್ನೂರು ಕೆಜಿ ಹೆಚ್ಚು ಬಂದರೆ ಒಳಗೆ ಸಮುದ್ರವಿದೆ ಅಂತಲೇ ತಿಳಿಯಬೇಕು.

ಅವನ ಪಟ್ಟಿಯಲ್ಲಿ ಇಲ್ಲದ ಎರಡು ಬಗೆಗಳನ್ನೂ ಹೇಳಿಬಿಡುತ್ತೇನೆ, ಅಲ್ಲಿನ ದಲ್ಲಾಳಿಗಳು ತೋರಿಸದೆ ಬಿಡುವುದಿಲ್ಲ. ಒಂದು ಮೆಟ್ಟಿಲು ತಳ. ಯೆಲ್ಲೋಫಿನ್, ಇಂಟ್ರೆಪಿಡ್ ಇದಕ್ಕೆ ಹೆಸರುವಾಸಿ. ಕಂಟೆಂಡರ್‌ನಲ್ಲೂ ಎಸ್‌ಟಿ ಅಂತ ಇರುವ ಮಾಡೆಲ್‌ಗಳು ಇದೇ ಜಾತಿ. ತಳದಲ್ಲಿ ಅಡ್ಡಕ್ಕೆ ಮೆಟ್ಟಿಲಿನಂತೆ ಕಡಿದಿರುತ್ತಾರೆ, ಓಡುವಾಗ ಪಕ್ಕದಿಂದ ಗಾಳಿ ಎಳೆದುಕೊಂಡು ತಳಕ್ಕೂ ನೀರಿಗೂ ಇರುವ ಒರೆತ ತಗ್ಗುತ್ತದೆ. ಅದೇ ಇಂಜಿನ್‌ನಲ್ಲಿ ವೇಗ ಹೆಚ್ಚು, ಇಂಧನ ಕಡಿಮೆ. ಆದರೆ ಇಂಜಿನ್ ಟ್ರಿಮ್ (ಇಂಜಿನ್ ವಾಲಿರುವ ಕೋನ) ಒಳಕ್ಕೆ ಎಳೆದು ಮೂತಿಯನ್ನು ತಗ್ಗಿಸಿ, ವೇಗವಿಳಿಸದೆ ಚುಕ್ಕಾಣಿಯನ್ನು ಗಕ್ಕನೆ ತಿರುಗಿಸಿದರೆ ಹಿಂಭಾಗ ಹಿಡಿತ ಕಳೆದುಕೊಂಡು ಬೋಟು ಗಿರ್ರನೆ ಸುತ್ತಿ ಜನರನ್ನು ಹೊರಗೆಸೆಯಬಹುದು. ತಿರುಗುವ ಮೊದಲು ಥ್ರಾಟಲ್ ಇಳಿಸು, ಟ್ರಿಮ್ ಸ್ವಲ್ಪ ಹೊರಕ್ಕೆ ತಳ್ಳು, ಈ ಅಭ್ಯಾಸ ಮೈಗೂಡದವರಿಗೆ ಅದು ಬೇಡ. ತಮ್ಮನೂ ಅವನ ಗೆಳೆಯರೂ ಹೊಸಬರು, ನಾಲ್ಕು ಜನ ಸರದಿಯಂತೆ ಓಡಿಸುತ್ತಾರೆ. ನಾನಾದರೆ ಮೆಟ್ಟಿಲಿಲ್ಲದ ತಳವನ್ನೇ ಹೇಳುತ್ತೇನೆ.

ಇನ್ನೊಂದು ಜೋಡಿ ತಳದ ಕ್ಯಾಟಮರಾನ್, ಸೌತ್ ಕ್ಯಾರೊಲಿನಾದ ಫ್ರೀಮನ್, ನಾರ್ತ್ ಕ್ಯಾರೊಲಿನಾದ ವರ್ಲ್ಡ್ ಕ್ಯಾಟ್. ನಿಂತಾಗ ಮೇಜಿನಷ್ಟು ಸ್ಥಿರ. ಹೆಚ್ಚು ಭಾರ ಹೇರಿದರೆ ನಡುವಿನ ಸುರಂಗಕ್ಕೆ ಅಲೆ ಬಡಿದು ಢಂ ಎನ್ನುತ್ತದೆ, ಕೆಲವೊಮ್ಮೆ ಮುಂದಿನಿಂದ ಸೀನಿದ ಹಾಗೆ ತುಂತುರು ಉಗುಳುತ್ತದೆ. ತಿರುಗುವಾಗ ಒಳಕ್ಕೆ ವಾಲುವ ಬದಲು ಮಟ್ಟವಾಗಿಯೋ ಹೊರಕ್ಕೋ ವಾಲುವುದು ಹೊಸಬರಿಗೆ ಗಾಬರಿ.

ಅವನ ಕಡಲಿಗೆ ಯಾವುದು ಸರಿ? ಅಲ್ಲಿ ಆರೆಗಾನ್ ಇನ್ಲೆಟ್ ಎಂಬ ಅಳಿವೆಯಿಂದ ಗಲ್ಫ್ ಸ್ಟ್ರೀಮ್ ಪ್ರವಾಹದವರೆಗೆ ಮೂವತ್ತು ಮೈಲಿಗೂ ಹೆಚ್ಚು. ಫ್ಲಾರಿಡಾದ ಪಾಮ್ ಬೀಚ್‌ನಲ್ಲಿ ಅದೇ ಪ್ರವಾಹ ಕೆಲವೇ ಮೈಲಿ ದೂರ. ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಗಾಳಿ ಉತ್ತರದಿಂದ ಬೀಸಿದರೆ ಅಲೆಗಳು ಗೋಡೆಯಂತೆ ನೆಟ್ಟಗೆ, ಒಂದಕ್ಕೊಂದು ಅಂಟಿಕೊಂಡು ಏಳುತ್ತವೆ. ಮರಳಿ ಬರುವಾಗ ಅಳಿವೆಯ ಮರಳುದಿಬ್ಬದ ಮೇಲೆ ಹಿಂದಿನಿಂದ ಅಲೆ ಎತ್ತುತ್ತದೆ. ದೂರದ ಓಟ, ಬಿರುಸು ಅಲೆ, ಭಾರ ಹೊತ್ತು ವಾಪಸಾತಿ. ಇದಕ್ಕೆ ಎತ್ತರದ ಮೂತಿಯ ಭಾರದ ಬೋಟೇ ಸರಿ. 26ರಿಂದ 28 ಅಡಿಯ ರೆಗ್ಯುಲೇಟರ್ ಅಥವಾ ಗ್ರೇಡಿ ವೈಟ್ ನನ್ನ ಮಾತು. ಮಕ್ಕಳುಮರಿ ಬರುವ ಭಾನುವಾರಗಳೂ ಇದ್ದರೆ ಗ್ರೇಡಿ, ಕೇದರ (ಟ್ಯೂನಾ) ಮೀನಿನ ಹಿಂದೆಯೇ ಓಡುವುದಾದರೆ ರೆಗ್ಯುಲೇಟರ್.

ಇಂಜಿನ್ ಆಯ್ಕೆ ಬ್ರ್ಯಾಂಡ್ ಜೊತೆಗೇ ಬರುತ್ತದೆ. ಗ್ರೇಡಿ, ರೆಗ್ಯುಲೇಟರ್‌ನಲ್ಲಿ ಯಮಹಾ. ವೇಲರ್ ಮತ್ತು ಮರ್ಕ್ಯುರಿ ಎರಡಕ್ಕೂ ಬ್ರನ್ಸ್‌ವಿಕ್ ಕಂಪನಿಯೇ ಒಡೆಯ, ಆದ್ದರಿಂದ ಅಲ್ಲಿ ಮರ್ಕ್ಯುರಿ. ಎರಡೂ ಗಟ್ಟಿ ಇಂಜಿನ್‌ಗಳೇ. ಮನೆಗೆ ಹತ್ತಿರದಲ್ಲಿ ಯಾವುದರ ಮೆಕ್ಯಾನಿಕ್ ಇದ್ದಾನೋ ಅದೇ ಒಳ್ಳೆಯದು.

ಇಂಧನದ ಲೆಕ್ಕ ಮೊದಲೇ ಹಾಕಿಕೊಳ್ಳಲಿ. 300 ಅಶ್ವಶಕ್ತಿಯ ಎರಡು ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ 50ರಿಂದ 60 ಗ್ಯಾಲನ್ ಕುಡಿಯುತ್ತವೆ. ಹದವಾದ ವೇಗದಲ್ಲಿ 28 ಅಡಿಯ ಬೋಟು ಗ್ಯಾಲನ್‌ಗೆ ಹೆಚ್ಚುಕಡಿಮೆ 1.3 ಮೈಲಿ ಕೊಡಬಹುದು. 200 ಗ್ಯಾಲನ್ ಟ್ಯಾಂಕಿದ್ದರೆ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಮುಟ್ಟಬಾರದ್ದು. ಅಂದರೆ ಹೋಗುವ ಪಾಲಿನಲ್ಲಿ ಸುಮಾರು 85 ಮೈಲಿ. ಅಲೆ ಎದ್ದ ದಿನ ಈ ಅಂಕಿ ಸಲೀಸಾಗಿ ಕುಸಿಯುತ್ತದೆ. ಕಂಪನಿಯ ಪಟ್ಟಿಯಲ್ಲಿರುವ ವೇಗ, ಮೈಲೇಜು ಹಗುರ ಬೋಟಿನವು. 200 ಗ್ಯಾಲನ್ ಪೆಟ್ರೋಲೇ 550 ಕೆಜಿ ದಾಟುತ್ತದೆ, ಜೀವಂತ ಎರೆಮೀನಿನ 40 ಗ್ಯಾಲನ್ ತೊಟ್ಟಿ ತುಂಬಿದರೆ ಇನ್ನೂ 155 ಕೆಜಿ, ಅದರ ಮೇಲೆ ಐಸು, ಜನ.

ಸೆಕೆಂಡ್ ಹ್ಯಾಂಡ್ ಆದ್ದರಿಂದ ಈಗ ಹೇಳುವುದು ಬ್ರ್ಯಾಂಡಿಗಿಂತ ಮುಖ್ಯ. ಇಂಜಿನ್ ಹೊರುವ ಹಿಂಗೋಡೆಯನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗೈಯಗಲಕ್ಕೊಂದರಂತೆ ತಟ್ಟಲಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗಿನ ಪ್ಲೈವುಡ್ ಕೊಳೆತಿದ್ದರೆ ಒದ್ದೆ ಮಣ್ಣಿಗೆ ಬಡಿದ ಸದ್ದು. ಇಂಜಿನ್‌ನ ಕೆಳತುದಿ ಹಿಡಿದು ಮೇಲೆ ಕೆಳಗೆ ಜಗ್ಗಿದಾಗ ಹಿಂಗೋಡೆ ಬಾಗಿದರೆ, ಬೋಲ್ಟಿನ ಸುತ್ತ ಹೊರಮೈಯ ನುಣುಪು ಲೇಪವಾದ ಜೆಲ್‌ಕೋಟ್ ಬಿರುಕು ಬಿಟ್ಟಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ ಹಿಂದಿರುಗಲಿ.

ಎರಡನೆಯದು ಡೆಕ್ಕಿನಡಿಯ ಅಲ್ಯೂಮಿನಿಯಂ ಇಂಧನ ಟ್ಯಾಂಕು. ಸುತ್ತ ಫೋಮ್ ಸುರಿದು ಕೂರಿಸಿದ್ದರೆ ಟ್ಯಾಂಕಿಗೂ ಫೋಮಿಗೂ ನಡುವೆ ಉಪ್ಪುನೀರು ನಿಂತು ಲೋಹವನ್ನು ಗುಳಿಗುಳಿಯಾಗಿ ತಿನ್ನುತ್ತದೆ. ಹದಿನೈದು ಇಪ್ಪತ್ತು ವರ್ಷದ ಬೋಟಿನಲ್ಲಿ ಟ್ಯಾಂಕ್ ಬದಲಿಸುವ ಖರ್ಚು ಬಂದೇ ಬರುತ್ತದೆ ಎಂದುಕೊಂಡೇ ಚೌಕಾಶಿ ಮಾಡಲಿ. ಮೇಲೆ ತೆಗೆಯಬಹುದಾದ ಮುಚ್ಚಳ ಇದೆಯೋ, ಡೆಕ್ಕನ್ನೇ ಕುಯ್ಯಬೇಕೋ ನೋಡಿಕೊಳ್ಳಲಿ. ಕೂಲಿಯಲ್ಲಿ ಅಜಗಜಾಂತರ.

ಮೂರನೆಯದು ಡೆಕ್ಕಿನ ನೀರು ಹೊರಹೋಗುವ ಕಿಂಡಿ, ಸ್ಕಪ್ಪರ್. ಟೂ ಸ್ಟ್ರೋಕ್ ಕಾಲದ ಬೋಟಿಗೆ ಈಗಿನ ಭಾರದ ಫೋರ್ ಸ್ಟ್ರೋಕ್ ಜೋಡಿ ನೇತುಹಾಕಿದ್ದರೆ ಹಿಂಭಾಗ ತಗ್ಗಿ, ನೀರು ಹೊರಹೋಗಬೇಕಾದ ಕಿಂಡಿಯಿಂದಲೇ ಒಳಬರುತ್ತದೆ. ಪರೀಕ್ಷೆ ಸುಲಭ. ಟ್ಯಾಂಕ್ ತುಂಬಿಸಿ, ನಾಲ್ಕು ಜನ ಹಿಂದಿನ ಮೂಲೆಯಲ್ಲಿ ನಿಂತು ಪಾದ ಒದ್ದೆಯಾಗುತ್ತದೆಯೇ ನೋಡುವುದು.

ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಮೇಲೆ ಬರೆದ ಅಂಕಿಯನ್ನು ನಂಬಬಾರದು. ಗಂಟೆಗೆ 2000 ಗ್ಯಾಲನ್ ಅಂತ ಇದ್ದರೆ ಅದು ನೀರನ್ನು ಮೇಲೆತ್ತದೆ, ಪೈಪಿಲ್ಲದೆ ಅಳೆದದ್ದು. ಬೋಟಿನಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. ನೀರಿನ ಮಟ್ಟದಿಂದ ಒಂದಡಿ ಕೆಳಗೆ 2 ಇಂಚಿನ ಪೈಪು ಕಳಚಿದರೆ ನಿಮಿಷಕ್ಕೆ ಸುಮಾರು 200 ಲೀಟರ್ ನುಗ್ಗುತ್ತದೆ, ಅಂಥ ಒಂದು ಪಂಪು ಸೋಲುವುದು ಖಚಿತ. ಎರಡು ಪಂಪು, ನೀರು ಏರಿದರೆ ಪಂಪನ್ನು ತಾನೇ ಚಾಲೂ ಮಾಡುವ ಎರಡು ಫ್ಲೋಟ್ ಸ್ವಿಚ್, ಬೇರೆ ಬೇರೆ ಬ್ಯಾಟರಿಯಿಂದ ವೈರು ಇರಬೇಕು. ತಳದ ತೂತುಗಳ ಕವಾಟಗಳು ಕೈಯಿಂದ ತಿರುಗಬೇಕು.

ಸಮುದ್ರದಲ್ಲಿ ಓಡಿಸಿ ನೋಡುವಾಗ ಪೂರ್ತಿ ಇಂಧನ, ಪೂರ್ತಿ ಜನ ಇರಲಿ. 6000 ಆರ್‌ಪಿಎಂವರೆಗೆ ಹೋಗಬೇಕಾದ ಇಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 5200ಕ್ಕೇ ನಿಂತರೆ ಪ್ರೊಪೆಲರ್ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ಇಂಚು) ಜಾಸ್ತಿ, ಇಲ್ಲವೇ ಬೋಟು ನೀರು ಕುಡಿದು ಭಾರವಾಗಿದೆ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಅದರಿಂದಲೂ ಸರಿಹೋಗದಿದ್ದರೆ ಅನುಮಾನ ಬೋಟಿನ ಮೇಲೆ. ಇಂಜಿನ್ ಕಂಪ್ಯೂಟರಿನಿಂದ ಯಾವ ಆರ್‌ಪಿಎಂನಲ್ಲಿ ಎಷ್ಟು ಗಂಟೆ ಓಡಿದೆ ಎಂಬ ವರದಿ ತೆಗೆಸಲಿ, ಮೀಟರಿಗಿಂತ ಅದು ಸತ್ಯ. ಸಿಲಿಂಡರ್‌ಗಳ ಕಂಪ್ರೆಷನ್ ಒಂದಕ್ಕೊಂದು ಶೇ. 10ರೊಳಗೆ ಇರಬೇಕು. ಬೋಟು ಪರೀಕ್ಷಕರ ಸಂಘಗಳಾದ ಸ್ಯಾಮ್ಸ್ ಅಥವಾ ನ್ಯಾಮ್ಸ್ ಸಂಸ್ಥೆಯ ಸರ್ವೇಯರ್‌ನನ್ನು ತಾನೇ ಹುಡುಕಲಿ, ಮಾರುವವನು ತೋರಿಸಿದವನನ್ನಲ್ಲ.

ಹಿಂಗೋಡೆಯ ಬಲಭಾಗದ ಮೇಲಂಚಿನಲ್ಲಿ 12 ಅಕ್ಷರ-ಅಂಕಿಗಳ ಗುರುತು ಕೆತ್ತಿರುತ್ತದೆ. ಮೊದಲ ಮೂರು ತಯಾರಕರದು, ಮುಂದಿನ ಐದು ಬೋಟಿನ ಸರಣಿ ಸಂಖ್ಯೆ, ಆಮೇಲೆ ತಿಂಗಳಿನ ಅಕ್ಷರ, ವರ್ಷದ ಕೊನೆಯ ಅಂಕಿ, ಕೊನೆಯ ಎರಡು ಮಾಡೆಲ್ ವರ್ಷ. E415 ಅಂತ ಮುಗಿದರೆ 2014ರ ಮೇ ತಿಂಗಳಲ್ಲಿ ಕಟ್ಟಿದ 2015ರ ಮಾಡೆಲ್. ಮುಂಗಡ ಕೊಡುವ ಮೊದಲು ಅದರ ಫೋಟೋ, ತೂಕದ ಚೀಟಿ, ಹಿಂಗೋಡೆಯ ನಾಲ್ಕು ಚಿತ್ರ ನನಗೆ ಕಳಿಸಲು ಹೇಳಿ.

ಚಿಕ್ಕಮ್ಮನಿಗೆ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ.

ಇಂತಿ ನಿಮ್ಮ ಮಗ