ಐನ್‌ಮನೆ ನೋಡೋಕೆ ಬರೋರು ದನದ ಗೇಟು ಹಾಕೋದು ಕಲೀಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಭಾನುವಾರದ ಪುರವಣಿಯಲ್ಲಿ ಕೊಡಗಿನ ನಮ್ಮ ಐನ್‌ಮನೆ, ಅಂದ್ರೆ ಮನೆತನದ ಮೂಲ ಮನೆ ಬಗ್ಗೆ ಅರ್ಧ ಪುಟ ಬಂತಲ್ಲ, ಫೋಟೋ ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಕೊನೆಯಲ್ಲಿ ವೀಕೆಂಡ್‌ಗೆ ಹೇಳಿ ಮಾಡಿಸಿದ ಜಾಗ ಅಂತ ಬರೆದು ದಾರಿ ಬೇರೆ ಕೊಟ್ರಿ. ಆ ವೀಕೆಂಡ್ ಮೊನ್ನೆ ನಮ್ಮ ಮನೆಗೆ ಬಂದಿತ್ತು, ಹನ್ನೊಂದು ಕಾರಲ್ಲಿ.

ನಮ್ಮ ಓಣಿನ ನಿಮ್ಮ ವರದಿಗಾರರೇ ನೋಡಿದ್ದಾರೆ. ಎರಡೂ ಕಡೆ ಮಣ್ಣಿನ ಗೋಡೆ, ಒಂದು ಜೀಪು ಹೋದ್ರೆ ಎದುರಿಂದ ಕೋಳಿ ಬರೋಕೂ ಜಾಗ ಇಲ್ಲ. ಅಂಥಾದ್ರ ತುಂಬ ಕಾರು ನಿಲ್ಸಿ, ಲಾಕ್ ಮಾಡ್ಕೊಂಡು, ಎಲ್ಲರೂ ದೇವರಕಾಡು ನೋಡೋಕೆ ಹೋಗಿದ್ರು. ಡೈರಿಗೆ ಹಾಲು ಒಯ್ಯೋ ಆಟೋ ಅರ್ಧ ದಾರಿಯಿಂದ ವಾಪಸ್ ಹೋಯ್ತು, ಆ ಹೊತ್ತಿನ ಹಾಲೆಲ್ಲ ಹೆಪ್ಪು ಹಾಕಿದೆ, ತಿನ್ನೋಕೆ ಮನೇಲಿ ಇರೋದು ನಾನೂ ನಮ್ಮ ಯಜಮಾನ್ರೂ ಇಬ್ಬರೇ. ಅದೂ ಹೋಗ್ಲಿ ಅಂದ್ಕೊಳ್ಳಿ. ದನ ಮೇಯೋ ಬಾಣೆ ಜಾಗದ ಕಡೆಗಿರೋ ಬಿದಿರಿನ ಗೇಟು ತೆಗೆದವರು ಹಾಕಲೇ ಇಲ್ಲ, ಆಮೇಲೆ ಮೇಲಿಂದ ಡ್ರೋನ್ ಬಿಟ್ರು. ಮೇಯೋ ದನ ಡ್ರೋನ್ ಯಾವತ್ತು ನೋಡಿದೆ? ಬಾಲ ಎತ್ತಿಕೊಂಡು ಓಡಿದ್ದು ಸೀದಾ ಪಕ್ಕದವರ ಗದ್ದೆಗೆ. ಹೊಡೆ ಕಟ್ಟಿ ನಿಂತಿದ್ದ ಭತ್ತ, ಅರ್ಧ ಗಂಟೇಲಿ ಚಾಪೆ ಹಾಸಿದ ಹಾಗೆ ಆಗೋಯ್ತು. ಮೂವತ್ತು ವರ್ಷದಿಂದ ಜಗಳ ಇಲ್ಲದ ಮನೆಯವರ ಎದುರು ಈಗ ತಲೆ ತಗ್ಗಿಸಿ ನಿಂತಿದ್ದೀವಿ.

ಆರು ದನ ಸಂಜೆಗೆ ಸಿಕ್ಕಿದ್ವು, ಒಂದು ಕರು ಸಿಗಲಿಲ್ಲ. ನಮ್ಮ ಕಡೆ ಹುಲಿ ಕೊಟ್ಟಿಗೆವರೆಗೂ ಬರುತ್ತೆ ಅಂತ ನಿಮ್ಮ ಪೇಪರಲ್ಲೇ ಎಷ್ಟು ಸಲ ಬಂದಿದೆ. ಮೊಣಕಾಲು ಆಪರೇಶನ್ ಆಗಿ ವರ್ಷ ತುಂಬದ ನಾನು ರಾತ್ರಿ ಹತ್ತೂವರೆ ತನಕ ಟಾರ್ಚ್ ಹಿಡ್ಕೊಂಡು ಕಾಡಂಚಲ್ಲಿ ಅದರ ಹೆಸರು ಕೂಗ್ತಾ ಅಲೆದೆ, ಜಿಗಣೆ ಎಷ್ಟು ಹತ್ತಿದ್ವೋ ಎಣಿಸೋ ತಾಳ್ಮೆ ಇರಲಿಲ್ಲ. ಬೆಳಿಗ್ಗೆ ನೋಡಿದ್ರೆ ಹಿರಿಯರ ಗುಡಿ ಕೈಮಡದ ಹಿಂದೆ ಮಲಗಿದೆ! ಮನೆತನದ ಮೂಲಪುರುಷ ಕಾರೋಣನೇ ಕಾಯ್ದ ಅಂತಾರೆ ಯಜಮಾನ್ರು. ಇರಬಹುದು, ಬೇರೆ ಯಾರೂ ಕಾಯಲಿಲ್ಲ ಅನ್ನೋದಂತೂ ನಿಜ.

ವರದಿಯಲ್ಲಿ ಮನೆ ಮಾಲೀಕರು ಅಂತ ಯಜಮಾನ್ರ ಬಗ್ಗೆ ಬರೆದಿದ್ದೀರ. ಐನ್‌ಮನೆಗೆ ಮಾಲೀಕ ಅಂತ ಇರ್ತಾರೇನ್ರೀ? ಅದು ಇಡೀ ಒಕ್ಕದ್ದು, ಅಂದ್ರೆ ಮನೆತನದ್ದು, ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಬಂದು ಸೇರ್ತಾರೆ, ಉಳಿದ ದಿನ ಹೆಂಚು ಸೋರಿದ್ರೆ ನೋಡ್ಕೊಳ್ಳೋರು ನಾವು. ಮೊನ್ನೆ ಬಂದವರಲ್ಲಿ ಮದುವೆಗೆ ಮುಂಚಿನ ಫೋಟೋ ಶೂಟಿಂಗ್‌ನವರೂ ಇದ್ರು, ಹುಡುಗಿ ಕೈಯಾಲೆ ಜಗಲಿಯಲ್ಲಿ ಕೂತು ಆಂಟಿ ಒಳಗಿನ ದೀಪ ಸ್ವಲ್ಪ ಹಚ್ಚಿ ಕೊಡ್ತೀರಾ ಬ್ಯಾಕ್‌ಗ್ರೌಂಡ್‌ಗೆ ಅಂದ್ಲು. ನಡುಮನೆ ನೆಲ್ಲಕ್ಕಿಯಲ್ಲಿ ಹಿರಿಯರಿಗೆ ಹಚ್ಚೋ ತೂಗುದೀಪ ಬ್ಯಾಕ್‌ಗ್ರೌಂಡ್‌ಗೆ! ಇನ್ನು ಮಳೆಕಾಡು ಅಂತ ನೀವು ಕರೆದಿರೋದು ಅಯ್ಯಪ್ಪನ ದೇವರಕಾಡು, ನಾವು ಅಲ್ಲಿಂದ ಒಣಗಿದ ಕಡ್ಡಿ ಕೂಡ ತರಲ್ಲ. ಹರಕೆಗೆ ಇಟ್ಟ ಮಣ್ಣಿನ ನಾಯಿಗಳಲ್ಲಿ ಎರಡು ಈಗ ಕಾಣ್ತಿಲ್ಲ. ಅಷ್ಟು ಮಳೆಕಾಡಿನ ಮೇಲೆ ಪ್ರೀತಿ ಇದ್ರೆ ಜುಲೈಯಲ್ಲಿ ಬರಲಿ, ನಾನೇ ಕರ್ಕೊಂಡು ಹೋಗ್ತೀನಿ.

ಸರ್ಕಾರಿ ಆಫೀಸುಗಳಿಗೆ ಫೋನ್ ಮಾಡಿದ್ರೆ ಏನಾಯ್ತು ಅಂತ ಕೇಳ್ಬೇಡಿ. ಒಬ್ಬರು ಕಾಡಿನ ವಿಷಯ ನಮ್ದಲ್ಲ ಅಂದ್ರು, ಇನ್ನೊಬ್ಬರು ಬಾಣೆ ಅಂದ ತಕ್ಷಣ ಕಂದಾಯದವರನ್ನ ಕೇಳಿ ಅಂದ್ರು, ಮೂರನೆಯವರು ಭಾನುವಾರ ಅಂದ್ರು. ಭಾನುವಾರ ಅಂತ ದನಕ್ಕೆ ಗೊತ್ತಿರಲಿಲ್ಲ ನೋಡಿ. ಇದೇ ಆಟ ನಾವು ಹುಟ್ಟೋಕೆ ಮುಂಚಿಂದ ನಡೀತಿದೆ. ಕೊಡಗಲ್ಲಿ 1,200ಕ್ಕೂ ಜಾಸ್ತಿ ದೇವರಕಾಡು ಇವೆ, 1905ರಲ್ಲಿ ಕಂದಾಯದವರ ಕೈಗೆ ಹೋದಾಗ ಎಲ್ಲ ಸೇರಿ 6,000 ಹೆಕ್ಟೇರ್ ಮೇಲಿತ್ತು, 1985ರಲ್ಲಿ ತಿರುಗಿ ಅರಣ್ಯದವರ ಕೈಗೆ ಬರೋ ಹೊತ್ತಿಗೆ 2,500ರ ಒಳಗೆ. ಉಳಿದಿದ್ದನ್ನ ದನ ಮೇಯ್ದುಬಿಡ್ತಾ? ಬಾಣೆ ಕತೆಯೂ ಅಷ್ಟೇ. ಗದ್ದೆ ಮಾಡೋರಿಗೆ ದನ ಮೇಯ್ಸೋಕೆ, ಸೊಪ್ಪಿಗೆ, ಸೌದೆಗೆ ಅಂತ ರಾಜರ ಕಾಲದಿಂದ ಕಂದಾಯ ಇಲ್ಲದೆ ಬಂದ ಜಾಗ, 1899ರ ಬ್ರಿಟಿಷರ ಕಾಯ್ದೆಯಲ್ಲೂ ಅದನ್ನೇ ಬರೆದಿದ್ದಾರೆ. 2011ರಲ್ಲಿ ರಾಜ್ಯದ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಮಾಡಿ ಇನ್ನು ಎಲ್ಲ ಸರಿಹೋಯ್ತು ಅಂದ್ರು, ಸಿಹಿ ಹಂಚಿದ್ವಿ. ನಮ್ಮ ಆರ್‌ಟಿಸಿಯಲ್ಲಿ ಇವತ್ತಿಗೂ ತೀರಿಹೋದ ಮುತ್ತಜ್ಜನ ಹೆಸರೇ ಇದೆ, ಪಾಪ ಅವರೇ ಬಂದು ಸಹಿ ಹಾಕ್ಬೇಕೇನೋ. ಗಾಳಿಗೆ ಬಿದ್ದ ಬೀಟೆ ಮರ ಒಂದಕ್ಕೆ ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೀತು, ಅಳತೆಗೆ ಬರ್ತೀನಿ ಅಂದ ಸಾಹೇಬ್ರು ಟ್ರಾನ್ಸ್‌ಫರ್ ಆದ್ರು, ಹೊಸಬರಿಗೆ ಫೈಲ್ ಸಿಗ್ತಿಲ್ಲ, ಮರದ ಮೇಲೆ ಅಣಬೆ ಎದ್ದಿದೆ. ಸರ್ಕಾರದ ಕಾಗದದಲ್ಲಿ ನಮ್ದಲ್ಲದ ಜಾಗ ನಿಮ್ಮ ಪೇಪರಲ್ಲಿ ಮಾತ್ರ ನಮ್ಮ ಪಾರಂಪರಿಕ ಆಸ್ತಿ!

ಮೈಸೂರಲ್ಲಿರೋ ಮೈದುನನ ಮಗ ಫೋನ್ ಮಾಡಿ ಯಾಕೆ ಬೈತೀರ ದೊಡ್ಡಮ್ಮ, ಹೋಂಸ್ಟೇ ಮಾಡಿ ಟಿಕೆಟ್ ಇಡಿ ಅಂತಾನೆ. ಅವನು ಬಂದು ಸೆಗಣಿ ಬಾಚಲಿ ಮೊದಲು.

ಈಗ ನಾನು ಕೇಳೋದು ಇಷ್ಟೇ. ಓಣಿ ಬಾಯಿಗೆ ಒಂದು ಬೋರ್ಡ್ ಹಾಕ್ಲಿ, ಯಾರು ಹಾಕ್ಬೇಕೋ ಅವರು. ಪಕ್ಕದವರ ಭತ್ತಕ್ಕೆ ಯಾರಾದ್ರೂ ಏನಾದ್ರೂ ಕೊಡ್ಲಿ. ಸಂಬಂಧಪಟ್ಟವರು ಒಂದ್ಸಲ ಬಂದು ಕಣ್ಣಾರೆ ನೋಡ್ಲಿ, ಇಲ್ಲಾಂದ್ರೆ ಇನ್ಮೇಲೆ ಯಾರೂ ಬರದೇ ಇರೋ ಹಾಗಾದ್ರೂ ಮಾಡ್ಲಿ. ನೀವೂ ಮುಂದಿನ ಭಾನುವಾರ ಬೇರೆಯವರ ಮನೆ ನೋಡ್ಕೊಳ್ಳಿ.

ಮತ್ತೆ ಆ ಎರಡು ಮಣ್ಣಿನ ನಾಯಿ ಯಾರ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಕೂತಿದ್ಯೋ ಅವರು ಕಾವೇರಿ ಸಂಕ್ರಮಣದ ಒಳಗೆ ತಂದು ಇಟ್ಟಲ್ಲೇ ಇಡಲಿ. ಚಪ್ಪಲಿ ಹೊರಗೆ ಬಿಟ್ಟು ಹೋಗ್ಲಿ, ಹೋಗ್ತಾ ಗೇಟು ಹಾಕ್ಲಿ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಳು,
ಬ್ರಹ್ಮಗಿರಿ ತಪ್ಪಲು, ದಕ್ಷಿಣ ಕೊಡಗು