ಬಾಡಿಗೆ ಇಳಿದಾಗ ಮಾತಿಗೆ ತಪ್ಪಿದವರು ನಾವೇ

ಮಾನ್ಯ ಸಂಪಾದಕರೇ,

ಹಡಗಿನ ಬಾಡಿಗೆ ಏರಿದಾಗಲೆಲ್ಲ ಶಿಪ್ಪಿಂಗ್ ಕಂಪನಿಗಳ ಮೇಲೆ ಗೂಬೆ ಕೂರಿಸುವುದು ಸರಕು ಕಳಿಸುವ ನಮ್ಮಂಥವರಿಗೆ ರೂಢಿ. ರಫ್ತು ವಿಭಾಗದಲ್ಲಿ ಬುಕಿಂಗ್ ನೋಡಿಕೊಳ್ಳುವ ನನಗೂ ಆ ಚಟ ಇತ್ತು.

2021ರಲ್ಲಿ ನಮ್ಮದೊಂದು ಕಂಟೇನರ್ ಮೂರು ಸಲ 'ರೋಲ್' ಆಯಿತು. ಅಂದರೆ, ಬುಕಿಂಗ್ ಖಾತ್ರಿಯಾಗಿ, ಸೀಲ್ ಬಿದ್ದು, ಬಂದರಿನ ಯಾರ್ಡ್ ಸೇರಿದ ಮೇಲೂ ಅದನ್ನು ಬಿಟ್ಟು ಹಡಗು ಹೊರಟಿತು. ವರ್ಷದ ಕಾಂಟ್ರ್ಯಾಕ್ಟ್ ನಮ್ಮ ಕೈಯಲ್ಲಿತ್ತು. ಆದರೂ ಹಡಗಿನ ಜಾಗ, ಹೆಚ್ಚು ಬಾಡಿಗೆ ಕೊಟ್ಟವರ ಪಾಲಾಯಿತು. ಆ ಸೆಪ್ಟೆಂಬರಿನಲ್ಲಿ 40 ಅಡಿ ಕಂಟೇನರಿನ ಜಾಗತಿಕ ಸರಾಸರಿ ಸ್ಪಾಟ್ ದರ, ಅಂದರೆ ಕಾಂಟ್ರ್ಯಾಕ್ಟ್ ಇಲ್ಲದೆ ಆ ಹೊತ್ತಿಗೆ ಸಿಗುವ ಬಾಡಿಗೆ, 10,000 ಡಾಲರ್ ದಾಟಿತ್ತು. 2023ರ ಅಕ್ಟೋಬರಿನಲ್ಲಿ ಅದೇ ದರ 1,500 ಡಾಲರಿಗಿಂತ ಕೆಳಗಿತ್ತು. ಆಗ ನಾವು ಮಾಡಿದ್ದೇನು? ವಾರಕ್ಕೆ ಹತ್ತು ಕಂಟೇನರ್ ಕೊಡುತ್ತೇವೆಂದು ಸಹಿ ಹಾಕಿದವರು ಎರಡು ಕೊಟ್ಟು, ಮಿಕ್ಕ ಎಂಟನ್ನು ಅಗ್ಗ ಸಿಕ್ಕ ಕಡೆ ಹತ್ತಿಸಿದೆವು. ಯಾರೂ ದಂಡ ಕೇಳಲಿಲ್ಲ. ಹಿಂದೆ ನಾವೂ ಕೇಳಿರಲಿಲ್ಲವಲ್ಲ.

ಲಾರಿಯ ಹಾಗೆ ಹಡಗು ಬೇಕೆಂದ ತಿಂಗಳೇ ಸಿಗುವುದಿಲ್ಲ. ಆರ್ಡರ್ ಕೊಟ್ಟು ಎರಡು ಮೂರು ವರ್ಷ ಕಾಯಬೇಕು. ಬಾಡಿಗೆ ನೆತ್ತಿಗೇರಿದಾಗ ಆರ್ಡರ್ ಮಾಡಿದ ಹಡಗುಗಳು ನೀರಿಗಿಳಿಯುವ ಹೊತ್ತಿಗೆ ಸಾಮಾನ್ಯವಾಗಿ ಬಾಡಿಗೆ ನೆಲ ಕಚ್ಚಿರುತ್ತದೆ. ಹಾಗೆ ಕುಸಿದ ಕಾಲದಲ್ಲೇ, 2016ರ ಆಗಸ್ಟಿನಲ್ಲಿ, ದಕ್ಷಿಣ ಕೊರಿಯಾದ ಹಡಗು ಕಂಪನಿ ಹಂಜಿನ್ ಸಾಲದಲ್ಲಿ ಮುಳುಗಿ ಕೋರ್ಟಿನ ಮೊರೆ ಹೋಯಿತು. ಬಾಕಿ ಕೊಡುವವರಾರೆಂದು ಬಂದರುಗಳು ಅದರ ಹಡಗುಗಳನ್ನು ಒಳಗೆ ಬಿಡಲಿಲ್ಲ. ಅಗ್ಗ ಸಿಕ್ಕಿತೆಂದು ಹಿಗ್ಗಿದ್ದವರ ಸರಕೂ ಕಡಲಲ್ಲೇ ಉಳಿಯಿತು.

2023ರ ಕೊನೆಯಿಂದ ಆದದ್ದು ಇನ್ನೊಂದು ಬಗೆ. ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ, ಏಷ್ಯಾ–ಯುರೋಪ್ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತತೊಡಗಿದವು. ಒಂದು ಕಡೆಗೇ ಹತ್ತು ದಿನದಷ್ಟು ಹೆಚ್ಚು. ವಾರಕ್ಕೊಂದು ಹಡಗು ತಪ್ಪದೆ ಹೊರಡಬೇಕೆಂದರೆ ಅದೇ ಮಾರ್ಗಕ್ಕೆ ಇನ್ನೂ ಎರಡು ಮೂರು ಹಡಗು ಬೇಕು. ಜಗತ್ತಿನಲ್ಲಿ ಕಂಟೇನರ್ ಹಡಗುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ, ಆದರೂ ಜಾಗ ಸಾಲದಾಯಿತು. ಬಾಡಿಗೆ ಮತ್ತೆ ಜಿಗಿಯಿತು.

ಬಾಡಿಗೆ ಏರಿಳಿಯುವುದನ್ನು ಯಾರೂ ತಡೆಯಲಾರರು. ಆದರೆ ಕಾಂಟ್ರ್ಯಾಕ್ಟಿನಲ್ಲಿ ಇಬ್ಬರಿಗೂ ದಂಡ ಇರಬಹುದು: ಹೇಳಿದಷ್ಟು ಸರಕು ಕೊಡದಿದ್ದರೆ ನಮಗೆ, ಖಾತ್ರಿಪಡಿಸಿದ ಜಾಗ ಕೊಡದಿದ್ದರೆ ಅವರಿಗೆ. ದರವನ್ನು ಮೂರು ತಿಂಗಳಿಗೊಮ್ಮೆ ಹಡಗು ಬಾಡಿಗೆಯ ಮಾರುಕಟ್ಟೆ ಸೂಚ್ಯಂಕಕ್ಕೆ ಹೊಂದಿಸಿಕೊಂಡರೆ ಓಡಿಹೋಗುವ ಆಸೆ ಇಬ್ಬರಿಗೂ ಕಡಿಮೆ.

ಈ ಸಲ ಇದೇ ಷರತ್ತನ್ನು ನಾವು ಮುಂದಿಟ್ಟೆವು. ಹಡಗಿನವರು ಒಪ್ಪಿದರು. ಕಡತ ಈಗ ನಿಂತಿರುವುದು ನಮ್ಮದೇ ಲೆಕ್ಕಪತ್ರ ವಿಭಾಗದಲ್ಲಿ.

– ಒಬ್ಬ ಓದುಗ